ಹಾರ್ಪ್ ಸಾಧನೆಯ ಪೂರ್ವಚರಿತ್ರೆ

ವಾದ್ಯಗಳ ಚರಿತ್ರೆಯನ್ನು ಬರೆಯುವವರು ಮರದ ಜಾತಿಯನ್ನೂ ತಂತಿಗಳ ಸಂಖ್ಯೆಯನ್ನೂ ವಾದಕರ ಕೀರ್ತಿಯನ್ನೂ ರಾಜಸಭೆಗಳಲ್ಲಿ ಅವರಿಗೆ ದೊರೆತ ಸನ್ಮಾನಗಳನ್ನೂ ಶ್ರದ್ಧೆಯಿಂದ ಬರೆದಿಡುವರು. ಆದರೆ ಆ ಕೀರ್ತಿ ಬರುವುದಕ್ಕೆ ಮುನ್ನ ಸಾಧಕನು ದಿನದಿನವೂ ವಾದ್ಯದ ಮುಂದೆ ಕುಳಿತು ಮೊದಲು ಯಾವ ತಂತಿಯನ್ನು ಮುಟ್ಟಿದನು, ಯಾವ ಪಾಠವನ್ನು ಎಷ್ಟು ಸಲ ತಿರುವಿಹಾಕಿದನು, ಯಾವುದನ್ನು ಕಲಿತಮೇಲೆ ಯಾವುದಕ್ಕೆ ಕೈಯಿಟ್ಟನು ಎಂಬುದನ್ನು ತಿಳಿಸುವವರು ವಿರಳ. ಯೂರೋಪಿನ ಹಾರ್ಪ್ ವಾದ್ಯದ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಭಾಗ್ಯವಂತರು. ಅದನ್ನು ಕಲಿತ ಬಗೆಯನ್ನು ಕುರಿತು ಒಂದು ಶಾಸನ, ಒಂದು ಹಸ್ತಪ್ರತಿ, ಇಬ್ಬರು ಕುರುಡು ವಾದಕರು ಮುಪ್ಪಿನಲ್ಲಿ ಹೇಳಿ ಬರೆಯಿಸಿದ ಮಾತುಗಳು, ಆಮೇಲೆ ಅಚ್ಚಾದ ಹಲವು ಪಾಠಪುಸ್ತಕಗಳು ಉಳಿದುಬಂದಿವೆ. ಇವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ನನಗೆ ತೋರುವುದಿಷ್ಟು: ಸಾಧನೆಯ ಕ್ರಮವೆಂಬುದು ಗುರುವು ತನ್ನ ಇಚ್ಛೆಯಂತೆ ಕಟ್ಟಿದುದೂ ಅಲ್ಲ, ಶಿಷ್ಯನು ತನ್ನ ಅನುಕೂಲಕ್ಕೆ ಹೊಂದಿಸಿಕೊಂಡುದೂ ಅಲ್ಲ; ಸಾಧನೆ ಮುಗಿದಮೇಲೆ ಎದುರಿಗೆ ಕುಳಿತು ಕೇಳತಕ್ಕವರು ಯಾರು ಎಂಬುದೇ ಬಹುಮಟ್ಟಿಗೆ ಅದರ ಆದ್ಯಂತಗಳನ್ನು ನಿಶ್ಚಯಿಸಿತು.

ಹಾರ್ಪಿಗೆ ಮೂರು ಅಂಗಗಳು. ಮೈಗೆ ಒರಗುವ ನಾದಪೆಟ್ಟಿಗೆ ಒಂದು, ಬಿರಡೆಗಳನ್ನು ಹೊತ್ತು ಬಾಗಿದ ಕತ್ತು ಇನ್ನೊಂದು, ಇವೆರಡೂ ತಂತಿಗಳ ಸೆಳೆತಕ್ಕೆ ಮಣಿಯದಂತೆ ಎದುರಿನಲ್ಲಿ ಆತುನಿಂತ ಕಂಬ ಮತ್ತೊಂದು. ವೀಣೆಯಲ್ಲಿರುವಂತೆ ಮೆಟ್ಟಿಲುಗಳಿಲ್ಲ, ಒಂದೊಂದು ಸ್ವರಕ್ಕೆ ಒಂದೊಂದು ತಂತಿ. ಕಂಬವಿಲ್ಲದ ಇಂಥ ವಾದ್ಯ ನಮ್ಮ ದೇಶದಲ್ಲಿಯೂ ಒಂದು ಕಾಲಕ್ಕೆ ಇದ್ದಿತು. ಸಮುದ್ರಗುಪ್ತನು ತನ್ನ ಚಿನ್ನದ ನಾಣ್ಯದಲ್ಲಿ ತೊಡೆಯ ಮೇಲಿಟ್ಟುಕೊಂಡು ನುಡಿಸುತ್ತಿರುವ ವೀಣೆಯೂ, ಭರತನು ನಾಟ್ಯಶಾಸ್ತ್ರದಲ್ಲಿ ಹೇಳುವ ಏಳು ತಂತಿಯ ಚಿತ್ರಾ ಮತ್ತು ಒಂಬತ್ತು ತಂತಿಯ ವಿಪಂಚಿಯೂ ಈ ಜಾತಿಯವೇ ಎಂದು ವಿದ್ವಾಂಸರು ಹೇಳುವರು. ನಮ್ಮಲ್ಲಿ ಅದು ಅಳಿದು ಬರ್ಮಾದಲ್ಲಿ ಉಳಿಯಿತು. ಆ ಕಥೆ ಬೇರೆ. ನಮ್ಮ ಪ್ರಕೃತ ವಿಷಯ ಕಂಬವುಳ್ಳ ಹಾರ್ಪಿನದು, ಅದರಲ್ಲಿಯೂ ಮುಖ್ಯವಾಗಿ ಐರ್ಲೆಂಡಿನದು.

ಐರ್ಲೆಂಡಿಗೆ ಹೋಗುವ ಮುನ್ನ ವೇಲ್ಸಿನಲ್ಲಿ ಒಂದಿಷ್ಟು ನಿಲ್ಲಬೇಕು. 1523ರಲ್ಲಿ ಕೈರ್ವಿಸ್ ಎಂಬ ಸಣ್ಣ ಪಟ್ಟಣದಲ್ಲಿ ಕವಿಗಳೂ ಹಾರ್ಪ್ ವಾದಕರೂ ಸಭೆ ಸೇರಿದರು. ಅದಕ್ಕೆ ಸುಮಾರು ನಾಲ್ಕು ಶತಮಾನ ಮೊದಲು ಆಳಿದ ಗ್ರಿಫಿಡ್ ಅಪ್ ಕಿನಾನ್ ಎಂಬ ಅರಸನ ಹೆಸರನ್ನು ಹೊತ್ತ ಶಾಸನವೊಂದು ಆ ಸಭೆಯೊಡನೆ ಸೇರಿ ಬಂದಿದೆ. ಪರವಾನೆಯಿಲ್ಲದ ಶಿಷ್ಯನಿಂದ ತೊಡಗಿ ‘ಪೆನ್‌ಕೆರ್ದ್’ ಎಂಬ ಪ್ರಧಾನ ವಿದ್ವಾಂಸನವರೆಗೆ ಅದು ಹಲವು ಮೆಟ್ಟಿಲುಗಳನ್ನು ಏರ್ಪಡಿಸಿತು. ಒಂದೊಂದು ಮೆಟ್ಟಿಲಿಗೂ ಇಂತಿಂಥ ಜಾತಿಯ ಇಷ್ಟಿಷ್ಟು ರಚನೆಗಳು ಕಂಠಗತವಾಗಿರಬೇಕೆಂದು ವಿಧಿಸಿತು. ಮೇಲೇರಿದಂತೆಲ್ಲ ಸಂಖ್ಯೆ ಏರುತ್ತಿದ್ದಿತು. ಆ ಶಿಷ್ಯನ ಸಾಧನೆಯನ್ನು ಗಳಿಗೆಯಲ್ಲಿ ಅಳೆಯುತ್ತಿರಲಿಲ್ಲ, ಒಪ್ಪಿಸಬಲ್ಲ ರಚನೆಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಇದಕ್ಕೆ ಕಾರಣ ಕೇವಲ ವಿದ್ಯಾಭಿಮಾನವಲ್ಲ. ಪದವಿಯುಳ್ಳ ವಾದಕನಿಗೆ ಹಬ್ಬಹುಣ್ಣಿಮೆಗಳಲ್ಲಿಯೂ ಮದುವೆಗಳಲ್ಲಿಯೂ ಶ್ರೀಮಂತರ ಮನೆಗೆ ಹೋಗಿ ನಿಯತವಾದ ಸಂಭಾವನೆಯನ್ನು ಪಡೆಯುವ ಹಕ್ಕಿದ್ದಿತು. ಪದವಿಯಿಲ್ಲದೆ ಅದೇ ಬಾಗಿಲಿಗೆ ಬಂದವನು ಭಿಕ್ಷುಕನಾಗುತ್ತಿದ್ದನು. 1567ರಲ್ಲಿ ಎಲಿಜಬೆತ್ ರಾಣಿಯ ಹೆಸರಿನಲ್ಲಿ ಹೊರಟ ಇನ್ನೊಂದು ಆಜ್ಞೆಯು, ವಾದಕರೆಂದೂ ಕವಿಗಳೆಂದೂ ಹೇಳಿಕೊಂಡು ತಿರುಗುವ ಸೋಮಾರಿಗಳ ಕಾಟವನ್ನು ಮರೆಮಾಚದೆಯೇ ಹೇಳಿ, ಯೋಗ್ಯರನ್ನು ಪರೀಕ್ಷಿಸಿ ಉಳಿದವರನ್ನು ಬೇರೆ ದುಡಿಮೆಗೆ ಹಚ್ಚಬೇಕೆಂದು ಕಟ್ಟುಮಾಡಿತು.

ಆ ಶಿಷ್ಯರು ಕಲಿತುದು ಏನೆಂಬುದಕ್ಕೆ ಆಂಗಲ್ಸಿ ದ್ವೀಪದ ರಾಬರ್ಟ್ ಅಪ್ ಹ್ಯೂ ಎಂಬವನು ಸುಮಾರು 1613ರಲ್ಲಿ ನಕಲು ಮಾಡಿದ ಪುಸ್ತಕವೊಂದೇ ದೊಡ್ಡ ಸಾಕ್ಷಿ. ಅದೀಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ವೇಲ್ಸಿನ ಸಂಗೀತದಲ್ಲಿ ಇಪ್ಪತ್ತನಾಲ್ಕು ಅಳತೆಗಳಿದ್ದವು. ಎರಡು ಬಗೆಯ ಸ್ವರಗುಂಪುಗಳು ಯಾವ ಸರದಿಯಲ್ಲಿ ಒಂದಾದಮೇಲೊಂದು ಬರಬೇಕೆಂಬುದನ್ನು ಒಂದು ಮತ್ತು ಸೊನ್ನೆಗಳ ಸಾಲಿನಿಂದ ಸೂಚಿಸುತ್ತಿದ್ದರು. ಈ ಪುಸ್ತಕದಲ್ಲಿ ಆ ಇಪ್ಪತ್ತನಾಲ್ಕು ಅಳತೆಗಳಲ್ಲಿಯೂ ಕ್ರಮವಾಗಿ ಬೆರಳನ್ನು ಓಡಿಸುವ ಪಾಠಗಳಿವೆ. ಸುಳಾದಿ ಸಪ್ತತಾಳದ ಅಲಂಕಾರಗಳನ್ನು ಒಂದು ತಾಳವನ್ನೂ ಬಿಡದೆ ಒಪ್ಪಿಸಿ ಬೆಳೆದ ನಮ್ಮ ಸಂಗೀತಗಾರರು ಈ ಪುಟಗಳನ್ನು ಕಂಡರೆ ಅಪರಿಚಿತ ದೇಶಕ್ಕೆ ಬಂದೆವೆಂದುಕೊಳ್ಳಲಾರರು. ಅಲಂಕಾರದ ಗುರಿ ರಂಜನೆಯಲ್ಲ, ಮುಂದೆ ಬರುವ ಎಲ್ಲ ರಂಜನೆಗೂ ಬೆರಳಲ್ಲಿ ದಾರಿಯನ್ನು ತುಳಿದಿಡುವುದು. ಪುರಂದರದಾಸರಿಂದ ಬಂದುದೆಂದು ನಾವು ನಂಬುವ ಪಾಠಕ್ರಮದ ಯುಕ್ತಿಯೇ ಅಷ್ಟು ದೂರದಲ್ಲಿಯೂ ಹೊಳೆದಿತ್ತೆಂಬುದು ಸಂತೋಷದ ಸಂಗತಿ. ಅದೇ ಪುಸ್ತಕದಲ್ಲಿ ಬೆರಳುಗಳ ಚಲನೆಗಳಿಗೆ ಒಂದು ಪಟ್ಟಿಯೂ ಉಂಟು: ಇದು ನಾಲ್ಕು ಬೆರಳಿನ ಹೆಣಿಗೆ, ಇದು ಹೆಬ್ಬೆರಳಿನಿಂದ ತಂತಿಯ ಕತ್ತು ಹಿಸುಕುವುದು ಎಂದು ಮುಂತಾಗಿ. ಮೀಟುವುದಕ್ಕೆ ಎಷ್ಟು ಹೆಸರುಗಳೋ ಮೀಟಿದ ತಂತಿಯನ್ನು ಸುಮ್ಮನಾಗಿಸುವುದಕ್ಕೂ ಅಷ್ಟೇ ಆಸ್ಥೆ.

ಈ ಸುಮ್ಮನಾಗಿಸುವ ವಿದ್ಯೆಯೇ ಐರ್ಲೆಂಡಿನ ಸಾಧನೆಯ ಮರ್ಮವಾಗಿದ್ದಿತು. ಅಲ್ಲಿಯ ಹಾರ್ಪಿಗೆ ಹಿತ್ತಾಳೆಯ ತಂತಿಗಳು. ನಾದಪೆಟ್ಟಿಗೆಯನ್ನು ಒಂದೇ ಮರದ ದಿಮ್ಮಿಯಿಂದ, ಸಾಮಾನ್ಯವಾಗಿ ವಿಲೋ ಮರದಿಂದ, ಕೊರೆದು ಮಾಡುತ್ತಿದ್ದರು. ವಾದಕನು ಎಡಭುಜಕ್ಕೆ ಒರಗಿಸಿಕೊಂಡು ಎಡಗೈಯಿಂದ ಮೇಲಿನ ಸ್ವರಗಳನ್ನೂ ಬಲಗೈಯಿಂದ ಮಂದ್ರಸ್ವರಗಳನ್ನೂ ಉದ್ದವಾಗಿ ಬೆಳೆಸಿದ ಉಗುರುಗಳಿಂದ ಮೀಟುವನು. ಹಿತ್ತಾಳೆಯ ತಂತಿ ಒಮ್ಮೆ ಮಿಡಿದರೆ ಬಹಳ ಹೊತ್ತು ಮೊಳಗುತ್ತಲೇ ಇರುವುದು. ಮುಂದಿನ ಸ್ವರ ಬರುವಾಗ ಹಿಂದಿನದು ಇನ್ನೂ ಗಾಳಿಯಲ್ಲಿರುವುದು. ನಾಲ್ಕು ಸ್ವರ ಕಳೆಯುವಷ್ಟರಲ್ಲಿ ಎಲ್ಲವೂ ಕಲಸಿ ಬರಿಯ ಗುಂಯ್‌ಗುಡುವಿಕೆಯಾಗುವುದು. ಆದುದರಿಂದ ಅಲ್ಲಿ ಕಲಿಯುವವನಿಗೆ ಯಾವ ಬೆರಳಿನಿಂದ ಮೀಟಬೇಕೆಂಬುದಷ್ಟೇ ತಿಳಿದರೆ ಸಾಲದು, ಯಾವ ಬೆರಳು ಹಿಂದಿರುಗಿ ಯಾವ ತಂತಿಯನ್ನು ಯಾವ ಕ್ಷಣದಲ್ಲಿ ಮುಟ್ಟಿ ತಡೆಯಬೇಕು, ಯಾವುದನ್ನು ಬೇಕೆಂದೇ ಮೊಳಗಬಿಡಬೇಕು ಎಂಬುದೂ ಮೊದಲ ದಿನದಿಂದಲೇ ಕೈಗೆ ಬರಬೇಕು. 1185ರಲ್ಲಿ ಐರ್ಲೆಂಡಿಗೆ ಹೋದ ವೇಲ್ಸಿನ ಪಾದ್ರಿ ಜೆರಾಲ್ಡನು ಅಲ್ಲಿಯ ಜನರ ವಿಷಯದಲ್ಲಿ ಒಳ್ಳೆಯ ಮಾತೊಂದನ್ನೂ ಆಡಲಾರದವನು. ಆದರೂ ಹಾರ್ಪ್ ವಾದಕರ ವೇಗವನ್ನೂ ಆ ವೇಗದಲ್ಲಿಯೂ ಕೆಡದ ಸ್ಪಷ್ಟತೆಯನ್ನೂ ಮನಸಾರೆ ಹೊಗಳಿದನು. ಆ ಸ್ಪಷ್ಟತೆಯ ಹಿಂದೆ ತಡೆಯುವ ಬೆರಳಿನ ವರ್ಷಗಟ್ಟಲೆಯ ದುಡಿಮೆಯಿತ್ತು.

ಆ ದುಡಿಮೆ ನಡೆಯುತ್ತಿದ್ದುದು ಹೇಗೆಂಬುದಕ್ಕೆ ಡೆನಿಸ್ ಹೆಂಪ್ಸನ್ನನ ಜೀವನವೇ ನಿದರ್ಶನ. ಸುಮಾರು 1695ರಲ್ಲಿ ಗಾರ್ವಾ ಎಂಬ ಊರಿನ ಬಳಿ ಹುಟ್ಟಿದ ಇವನಿಗೆ ಮೂರನೆಯ ವರ್ಷದಲ್ಲಿ ಸಿಡುಬಿನಿಂದ ಕಣ್ಣು ಹೋಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಬ್ರಿಜೆಟ್ ಓಕಹನ್ ಎಂಬ ಹೆಂಗಸಿನ ಬಳಿ ಹಾರ್ಪ್ ಕಲಿಯಲು ತೊಡಗಿದನು. ಆ ಕಾಲದಲ್ಲಿ ಒಳ್ಳೆಯ ಮನೆತನಗಳಲ್ಲಿ ಗಂಡಸರಂತೆಯೇ ಹೆಂಗಸರೂ ಈ ವಿದ್ಯೆಯನ್ನು ಕಲಿಯುತ್ತಿದ್ದರಂತೆ. ಅನಂತರ ಗ್ಯಾರಗರ್ ಎಂಬ ಕುರುಡು ಸಂಚಾರಿ ವಾದಕನನ್ನು ಬಂಕ್ರಾನಾದವರೆಗೆ ಹಿಂಬಾಲಿಸಿದನು. ಆಮೇಲೆ ಹಾರ್ಪಿಗೆ ಹೆಸರಾಗಿದ್ದ ಕೊನಾಕ್ಟ್ ಸೀಮೆಯಲ್ಲಿ ಫ್ಯಾನಿಂಗ್, ಕಾನರ್ ಎಂಬಿಬ್ಬರಲ್ಲಿ ಪಾಠ. ಹದಿನೆಂಟು ತುಂಬಿದಾಗ ಮೂವರು ದೊಡ್ಡ ಮನುಷ್ಯರು ಕೂಡಿ ಅವನಿಗೊಂದು ಹಾರ್ಪನ್ನು ಕೊಡಿಸಿದರು. ಅಲ್ಲಿಂದ ಮುಂದೆ ಐರ್ಲೆಂಡು ಸ್ಕಾಟ್ಲೆಂಡುಗಳ ದೊಡ್ಡ ಮನೆಗಳಲ್ಲಿ ಹತ್ತು ವರ್ಷಗಳ ಸಂಚಾರ. ಆರು ವರ್ಷಗಳಲ್ಲಿ ನಾಲ್ವರು ಗುರುಗಳು. ಪುಸ್ತಕವಿಲ್ಲ, ಸ್ವರಲಿಪಿಯಿಲ್ಲ, ಕಣ್ಣೂ ಇಲ್ಲ. ಗುರು ನುಡಿಸಿದುದನ್ನು ಕಿವಿಯಿಂದ ಹಿಡಿದು, ಅವನ ಕೈಯ ಮೇಲೆ ತನ್ನ ಕೈಯಿಟ್ಟು ತಿಳಿದು, ಒಂದು ಚರಣ ಗಟ್ಟಿಯಾಗುವವರೆಗೆ ಇನ್ನೊಂದಕ್ಕೆ ಹೋಗದೆ ಕಲಿಯುವುದಲ್ಲದೆ ಅಂಥವನಿಗೆ ಬೇರೆ ದಾರಿ ಎಲ್ಲಿದ್ದೀತು? ಕಣ್ಣಿಲ್ಲದ ಬಡ ಹುಡುಗನಿಗೆ ಹೊಲದ ಕೆಲಸವಾಗಲಿ ಕುಶಲಕರ್ಮವಾಗಲಿ ದೊರೆಯದಿದ್ದ ನಾಡಿನಲ್ಲಿ, ಹಾರ್ಪು ಅವನಿಗೆ ಕಲೆಯೂ ಹೌದು, ಅನ್ನವೂ ಹೌದು. 1670ರಲ್ಲಿ ಹುಟ್ಟಿ ರಚನಕಾರನಾಗಿ ಆ ಕಾಲದ ವಾದಕರೆಲ್ಲರಿಗಿಂತ ಹೆಚ್ಚು ಪ್ರಸಿದ್ಧನಾದ ಟರ್ಲೋ ಓಕ್ಯಾರೊಲನ್‌ಗೆ ಹದಿನೆಂಟರಲ್ಲಿ ಸಿಡುಬಿನಿಂದ ಕಣ್ಣು ಹೋದಾಗ, ಅವನ ಪೋಷಕಳಾದ ಮ್ಯಾಕ್‌ಡರ್ಮಟ್ ರೋ ಮನೆತನದ ಗೃಹಿಣಿಯು ಮೂರು ವರ್ಷ ಪಾಠ ಹೇಳಿಸಿ, ಕುದುರೆಯೊಂದನ್ನೂ ದಾರಿ ತೋರಿಸುವ ಆಳೊಬ್ಬನನ್ನೂ ಕೊಟ್ಟು ಕಳುಹಿಸಿದಳು. ತಡವಾಗಿ ತೊಡಗಿದುದರಿಂದಲೋ ಏನೋ ಅವನ ಕೈ ಅಷ್ಟಾಗಿ ಪಳಗಲಿಲ್ಲವೆಂದು ಕೇಳಿದವರು ಹೇಳುತ್ತಿದ್ದರು; ರಚನೆಯಲ್ಲಿ ಆ ಕೊರತೆಯನ್ನು ತುಂಬಿಕೊಂಡನು.

ದಿನದ ಪಾಠ ಶ್ರುತಿಯಿಂದ ತೊಡಗುತ್ತಿದ್ದಿತು, ಮತ್ತು ಆ ಶ್ರುತಿ ಮಾಡುವ ಕೆಲಸವೇ ಅರ್ಧ ಸಾಧನೆಯಾಗಿದ್ದಿತು. ಹಾರ್ಪಿನ ನಡುವಿನಲ್ಲಿ ಒಂದೇ ಸ್ವರಕ್ಕೆ ಕೂಡಿಸತಕ್ಕ ಎರಡು ತಂತಿಗಳು ಅಕ್ಕಪಕ್ಕದಲ್ಲಿದ್ದವು. ಅವುಗಳನ್ನು ‘ಸೋದರಿಯರು’ ಎಂದು ಕರೆಯುತ್ತಿದ್ದರು. ಮೊದಲು ಆ ಎರಡೂ ಒಂದರೊಳಗೊಂದು ಕರಗುವಂತೆ ಸೇರಬೇಕು. ಅನಂತರ ಅಲ್ಲಿಂದ ಪಂಚಮಕ್ಕೆ, ಪಂಚಮದಿಂದ ಸ್ಥಾಯಿಗೆ, ಹೀಗೆ ಮೇಲಕ್ಕೂ ಕೆಳಕ್ಕೂ ಬಿರಡೆ ತಿರುಗಿಸುತ್ತ ಸುಮಾರು ಮೂವತ್ತು ತಂತಿಗಳನ್ನು ದಾಟಬೇಕು. ಅದಾದಮೇಲೆ ಶ್ರುತಿ ಕೂಡಿದೆಯೆ ಎಂದು ನೋಡುವುದಕ್ಕಾಗಿಯೇ ಇದ್ದ ಪ್ರಾಚೀನ ಪೀಠಿಕೆ. ಅದರ ನಂತರ ಎಳೆಯರಿಗೆಂದು ಪರಂಪರೆಯಿಂದ ಗೊತ್ತಾಗಿದ್ದ ಕೆಲವು ಸಣ್ಣ ಮಟ್ಟುಗಳು. ಅವು ಬರಿಯ ವ್ಯಾಯಾಮಗಳಾಗಿರಲಿಲ್ಲ, ಸಭೆಯಲ್ಲಿ ನುಡಿಸಬಹುದಾದ ನಿಜವಾದ ಮಟ್ಟುಗಳೇ. ಆದರೆ ಅವುಗಳ ಗತಿಯಲ್ಲಿ ತಡೆಯುವ ಬೆರಳಿಗೆ ಬೇಕಾದ ಪಾಠವೆಲ್ಲ ಅಡಗಿದ್ದಿತು. ನಾಳೆ ಅತಿಥಿಗಳೆದುರು ಕುಳಿತುಕೊಳ್ಳಬೇಕಾದ ಹುಡುಗನಿಗೆ ಮಟ್ಟೂ ಪಾಠವೂ ಬೇರೆಬೇರೆಯಾಗಿದ್ದರೆ ನಡೆಯುತ್ತಿರಲಿಲ್ಲ.

ಈ ಗುರುಗಳೆಲ್ಲ ಋಷಿಗಳಾಗಿದ್ದರೆಂದು ಭಾವಿಸತಕ್ಕದ್ದಲ್ಲ. ಆರ್ಥರ್ ಓನೀಲ್ ಎಂಬ ಇನ್ನೊಬ್ಬ ಕುರುಡು ವಾದಕನು ತನ್ನ ಮುಪ್ಪಿನಲ್ಲಿ ಹೇಳಿ ಬರೆಯಿಸಿದ ಸ್ಮೃತಿಗಳಲ್ಲಿ, ತನಗೆ ಹತ್ತನೆಯ ವಯಸ್ಸಿನಿಂದ ಪಾಠ ಹೇಳಿದ ಓವೆನ್ ಕೀನನ್ ಎಂಬವನು ದೊಡ್ಡ ಮನೆಯೊಂದರ ಫ್ರೆಂಚ್ ಉಪಾಧ್ಯಾಯಿನಿಯಲ್ಲಿ ಅನುರಕ್ತನಾಗಿ, ಕಣ್ಣಿಲ್ಲದಿದ್ದರೂ ಏಣಿ ಹಾಕಿಕೊಂಡು ಅವಳ ಕಿಟಕಿಗೆ ಹತ್ತಿ, ಸಿಕ್ಕಿಬಿದ್ದು ಸೆರೆಮನೆ ಸೇರಿದುದನ್ನು ನಗುನಗುತ್ತ ಹೇಳುವನು. ಅಲ್ಲಿಯೇ ಬರುವ ಎಕ್ಲಿನ್ ಓಕಹನ್ ಎಂಬವನ ಸಂಗತಿ ಇನ್ನೂ ಸ್ವಾರಸ್ಯವಾದುದು. ಅವನು ವಾದನದಲ್ಲಿ ಅಸಾಧಾರಣ, ತುಂಟತನದಲ್ಲಿಯೂ ಹಾಗೆಯೇ. ಅವನ ಚೇಷ್ಟೆಗಳನ್ನು ತಾಳಲಾರದ ಸ್ಕಾಟ್ಲೆಂಡಿನ ಕೆಲವು ಪ್ರಭುಗಳು ಅವನ ಉಗುರುಗಳನ್ನು ಗಿಡ್ಡವಾಗಿ ಕತ್ತರಿಸಿಬಿಡುತ್ತಿದ್ದರಂತೆ. ಅವು ಬೆಳೆಯುವವರೆಗೆ ಹಾರ್ಪು ಮೂಲೆ ಸೇರುವುದು. ತಂತಿವಾದಕನಿಗೆ ಇದಕ್ಕಿಂತ ಕ್ರೂರವೂ ಇದಕ್ಕಿಂತ ನಿರಪಾಯವೂ ಆದ ಶಿಕ್ಷೆಯನ್ನು ಯಾರೂ ಕಂಡುಹಿಡಿದಿಲ್ಲ.

1792ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದ ಕೆಲವರು ಚಂದಾ ಎತ್ತಿ ದೇಶದಲ್ಲಿ ಉಳಿದಿದ್ದ ಹಾರ್ಪ್ ವಾದಕರನ್ನೆಲ್ಲ ಒಂದೆಡೆ ಕರೆಸಿದರು. ಬಂದವರು ಐರ್ಲೆಂಡಿನವರು ಹತ್ತು ಜನ, ವೇಲ್ಸಿನವನೊಬ್ಬ. ಹತ್ತರಲ್ಲಿ ಆರು ಜನ ಕುರುಡರು; ರೋಸ್ ಮೂನಿ ಎಂಬ ಒಬ್ಬಳೇ ಹೆಂಗಸು; ವಿಲಿಯಂ ಕಾರ್ ಎಂಬ ಹದಿನೈದರ ಬಾಲಕನೊಬ್ಬನನ್ನು ಬಿಟ್ಟರೆ ಉಳಿದವರು ಪ್ರೌಢರು ಅಥವಾ ವೃದ್ಧರು. ತೊಂಬತ್ತೇಳು ವರ್ಷದವನೆಂದು ಎಣಿಸಲ್ಪಟ್ಟ ಹೆಂಪ್ಸನ್ನನೂ ಬಂದಿದ್ದನು. ಅವರ ಮಟ್ಟುಗಳನ್ನು ಬರೆದುಕೊಳ್ಳಲು ನೇಮಕವಾದವನು ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತು ವರ್ಷದ ಚರ್ಚಿನ ಆರ್ಗನ್ ವಾದಕ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಮುಂದೆ ಪ್ರಾಣ ಕೊಟ್ಟ ವುಲ್ಫ್ ಟೋನ್ ಅಲ್ಲಿಯೇ ಕುಳಿತಿದ್ದನು. ಹಾರ್ಪಿನ ಚಿತ್ರವನ್ನು ತನ್ನ ಪಕ್ಷದ ಲಾಂಛನವಾಗಿ ಧರಿಸಿದ್ದ ಆ ಮಹನೀಯನಿಗೆ ಹಾರ್ಪಿನ ನಾದ ಮಾತ್ರ ಬೇಸರ ತರಿಸಿತೆಂದು ಅವನ ದಿನಚರಿ ಹೇಳುತ್ತದೆ. ದೇಶಾಭಿಮಾನಕ್ಕೂ ರಸಿಕತೆಗೂ ಇರುವ ಅಂತರವನ್ನು ನಮ್ಮಲ್ಲಿಯೂ ಕಂಡಿದ್ದೇವೆ.

ಬಂಟಿಂಗನು ಎಲ್ಲರಿಗಿಂತ ಹೆಚ್ಚಾಗಿ ಹೆಂಪ್ಸನ್ನನ ಕೈಯನ್ನು ಗಮನಿಸಿದನು. ಉಳಿದವರೆಲ್ಲ ಬೆರಳಿನ ಮಾಂಸದಿಂದ ಮೀಟುತ್ತಿದ್ದರು. ಇವನೊಬ್ಬನೇ ಬಾಗಿದ ಉದ್ದ ಉಗುರುಗಳುಳ್ಳವನಾಗಿ, ಉಗುರಿಗೂ ಮಾಂಸಕ್ಕೂ ನಡುವೆ ತಂತಿಯನ್ನು ಹಿಡಿದು ಬಿಡುತ್ತಿದ್ದನು. ಒಂದೊಂದು ಸ್ವರವನ್ನು ಬಿಡಿಬಿಡಿಯಾಗಿ ನಿಲ್ಲಿಸುವುದರಲ್ಲಿಯೂ, ತಂತಿಯನ್ನು ಮೀಟಿದ ಬೆರಳು ಕಂಡೂ ಕಾಣದಷ್ಟು ಮೃದುವಾಗಿ ಅದನ್ನು ತಡೆಯುವುದರಲ್ಲಿಯೂ ಅವನಿಗೆ ಸಮಾನರಿರಲಿಲ್ಲ. ಹೊಸ ಕಾಲದವನಾದ ಕ್ಯಾರೊಲನ್ನನ ಮಟ್ಟುಗಳನ್ನು ನುಡಿಸುವುದೆಂದರೆ ಅವನಿಗೆ ಆಗದು. ಶ್ರುತಿಪರೀಕ್ಷೆಯ ಆ ಹಳೆಯ ಪೀಠಿಕೆಯನ್ನು ನುಡಿಸೆಂದು ಬಂಟಿಂಗನು ಕೇಳಿಕೊಂಡಾಗ ಮುದುಕನು ಬಹಳ ಹೊತ್ತು ಒಪ್ಪಲೇ ಇಲ್ಲ. ಕೊನೆಗೆ ಒಂದು ತುಣುಕನ್ನು ಮಾತ್ರ ಬಿಟ್ಟುಕೊಟ್ಟನು. ಬೆಳಗಿನ ಸಾಧನೆಯನ್ನು ಪರರ ಮುಂದೆ ತೆರೆದಿಡುವುದಕ್ಕೆ ಅವನಿಗೆ ಸಂಕೋಚವಾಯಿತೆಂದು ನನ್ನ ಊಹೆ. 1805ರಲ್ಲಿ ಸ್ಯಾಂಪ್ಸನ್ ಎಂಬ ಪಾದ್ರಿಯು ಮಗಿಲಿಗನ್ ಎಂಬಲ್ಲಿದ್ದ ಹೆಂಪ್ಸನ್ನನ ಗುಡಿಸಲಿಗೆ ಹೋಗಿ ಅವನನ್ನು ಕಂಡಾಗ, ಬೆಂಕಿಯ ಪಕ್ಕದ ಹಾಸಿಗೆಯಲ್ಲಿ ಮುಖದವರೆಗೂ ಹೊದೆದುಕೊಂಡು ಮಲಗಿದ್ದನು. ಹೊದಿಕೆಯೊಳಗೆ ಪಕ್ಕದಲ್ಲಿ ಹಾರ್ಪೂ ಇದ್ದಿತು. ಎರಡು ವರ್ಷದ ಮೇಲೆ ತೀರಿಕೊಂಡನು.

ಇತ್ತ ಪ್ಯಾರಿಸಿನಲ್ಲಿ ಹಾರ್ಪಿನ ಬಾಳು ಬೇರೆ ದಾರಿ ಹಿಡಿದಿತ್ತು. 1720ರ ಸುಮಾರಿಗೆ ಜರ್ಮನಿಯ ಹೋಖ್‌ಬ್ರುಕರ್ ಎಂಬವನು ಕಾಲಿನಿಂದ ಮೆಟ್ಟಿ ಸ್ವರವನ್ನು ಅರೆಹೆಜ್ಜೆ ಏರಿಸುವ ಪೆಡಲುಗಳನ್ನು ಜೋಡಿಸಿದನು. ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳ ಈ ವಾದ್ಯವು ಮೇರಿ ಅಂತ್ವಾನೆತ್ ರಾಣಿಯ ಕೈಗೆ ಬಂದಮೇಲೆ ಶ್ರೀಮಂತ ಕನ್ಯೆಯರ ಭೂಷಣವಾಯಿತು. 1763ರಲ್ಲಿ ಫಿಲಿಪ್ ಜಾಕ್ ಮೇಯರ್ ಎಂಬವನು ಹಾರ್ಪ್ ನುಡಿಸುವ ಕ್ರಮವನ್ನು ಕುರಿತು ಪುಸ್ತಕ ಅಚ್ಚು ಹಾಕಿಸಿದನು. ಪುಸ್ತಕ ಬಂದುದೆಂದರೆ ಗುರುವಿಲ್ಲದ ಹೊತ್ತಿನಲ್ಲಿ ಒಬ್ಬಳೇ ಕುಳಿತು ಅಭ್ಯಾಸ ಮಾಡುವ ಶಿಷ್ಯೆಯೂ ಬಂದಳೆಂದು ಅರ್ಥ. ಆ ಶಿಷ್ಯೆಯ ಒಂದು ನೋಟ ಮೊಜಾರ್ಟನ ಕಾಗದದಲ್ಲಿ ಸಿಕ್ಕುತ್ತದೆ. 1778ರಲ್ಲಿ ಅವನು ಗೀನ್ ಎಂಬ ಪ್ರಭುವಿನ ಮಗಳಿಗೆ ಸಂಗೀತರಚನೆಯನ್ನು ಕಲಿಸುತ್ತಿದ್ದು, ಆ ಪ್ರಭುವಿಗೂ ಮಗಳಿಗೂ ಎಂದೇ ಕೊಳಲು ಮತ್ತು ಹಾರ್ಪಿನ ಜೋಡಿ ಕೃತಿಯನ್ನು ರಚಿಸಿದ್ದನು. ಹುಡುಗಿ ಅದ್ಭುತವಾಗಿ ನುಡಿಸುವಳೆಂದೂ ಇನ್ನೂರು ಕೃತಿಗಳು ಅವಳಿಗೆ ಬಾಯಿಪಾಠವೆಂದೂ ತಂದೆಗೆ ಬರೆದ ಅವನು, ಸ್ವಂತವಾಗಿ ಒಂದು ಸಾಲನ್ನು ಹುಟ್ಟಿಸಲು ಮಾತ್ರ ಅವಳಿಂದಾಗದೆಂದು ಗೊಣಗಿದನು. ಆ ಕಾಲದ ದಿವಾನಖಾನೆ ಕೇಳುತ್ತಿದ್ದುದು ಇನ್ನೂರು ಕೃತಿಗಳನ್ನೇ, ಇನ್ನೂರ ಒಂದನೆಯದನ್ನಲ್ಲ. ಹುಡುಗಿಯ ಸಾಧನೆ ಸರಿಯಾಗಿಯೇ ನಡೆದ ಹಾಗಾಯಿತು.

ಕೃತಿಗಳನ್ನು ಬದಿಗಿಟ್ಟು ಕಷ್ಟಗಳನ್ನೇ ಬಿಡಿಸಿ ಅಭ್ಯಾಸ ಮಾಡಬೇಕೆಂಬ ಮಾತನ್ನು ಹಟದಿಂದ ಹೇಳಿದವಳು ಮದಾಮ್ ದ ಜಾನ್ಲಿ. ರಾಜವಂಶದ ಮಕ್ಕಳಿಗೆ ಉಪಾಧ್ಯಾಯಿನಿಯಾಗಿದ್ದ ಈಕೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಕಟಿಸಿದ ಪಾಠಪುಸ್ತಕದ ಹೆಸರಿನಲ್ಲಿಯೇ ಆರು ತಿಂಗಳಿಗಿಂತ ಕಡಿಮೆ ಪಾಠದಲ್ಲಿ ಹಾರ್ಪ್ ಬರುವುದೆಂದು ಭರವಸೆ ಕೊಟ್ಟಳು. ಎಲ್ಲರೂ ಬಿಟ್ಟಿದ್ದ ಕಿರುಬೆರಳನ್ನೂ ದುಡಿಸಬೇಕೆಂಬುದು ಅವಳ ಇನ್ನೊಂದು ಹಟ. ಆರು ತಿಂಗಳ ಮಾತನ್ನು ನಂಬಿದವರ ಗತಿ ಏನಾಯಿತೋ! ಕಿರುಬೆರಳಂತೂ ಇಂದಿಗೂ ಹಾರ್ಪ್ ವಾದಕರಲ್ಲಿ ಬಿಡುವಾಗಿಯೇ ಇದೆ. ಆದರೆ ತೊಡಕಿನ ಎರಡು ಪಂಕ್ತಿಗಳನ್ನು ಕೃತಿಯಿಂದ ಕಿತ್ತು ಬೇರೆಯಾಗಿ, ಮೊದಲು ಒಂದು ಕೈಯಲ್ಲಿ, ಆಮೇಲೆ ಇನ್ನೊಂದರಲ್ಲಿ ತಿದ್ದುವ ಪದ್ಧತಿ ಗೆದ್ದುಬಿಟ್ಟಿತು.

ಪ್ಯಾರಿಸಿನ ಸಂಗೀತಶಾಲೆಯಾದ ಕನ್ಸರ್ವೆತ್ವಾರ್‌ನಲ್ಲಿ 1825ರಲ್ಲಿ ಹಾರ್ಪ್ ತರಗತಿ ತೆರೆದಾಗ ಫ್ರಾಂಸ್ವಾ ಜೋಸೆಫ್ ನಾದರ್ಮನ್ ಅದರ ಮೊದಲ ಅಧ್ಯಾಪಕನಾದನು. 1810ರಲ್ಲಿಯೇ ಸೆಬಾಸ್ತಿಯನ್ ಎರಾರ್ ಎಂಬವನು ಪ್ರತಿಯೊಂದು ಪೆಡಲೂ ಎರಡು ಸಲ ಕೆಳಗಿಳಿಯುವ, ಎಲ್ಲ ಶ್ರುತಿಗಳಲ್ಲಿಯೂ ನುಡಿಸಬಹುದಾದ ಹಾರ್ಪಿಗೆ ಲಂಡನ್ನಿನಲ್ಲಿ ಹಕ್ಕು ಪಡೆದಿದ್ದನು. ಆದರೆ ನಾದರ್ಮನ್ ಮನೆತನದವರು ಹಳೆಯ ಬಗೆಯ ಹಾರ್ಪುಗಳನ್ನು ತಯಾರಿಸಿ ಮಾರುವವರು. ಆದುದರಿಂದ ಅಧ್ಯಾಪಕನು ಹೊಸತನ್ನು ಶಾಲೆಯೊಳಕ್ಕೆ ಬರಗೊಡದೆ, ತಾನಿರುವವರೆಗೆ ವಿದ್ಯಾರ್ಥಿಗಳ ಕಾಲನ್ನು ಹಳೆಯ ಪೆಡಲಿನ ಮೇಲೆಯೇ ಇರಿಸಿದನು. ಪಾಠಕ್ರಮದ ಹಿಂದೆ ಅಂಗಡಿಯೂ ಇರಬಹುದೆಂಬುದಕ್ಕೆ ಇದು ಸಾಕ್ಷಿ. ಅವನ ಸಮಕಾಲೀನನಾದ ಬೊಖ್ಸಾ ಇನ್ನೊಂದು ಬಗೆಯವನು. ನೆಪೋಲಿಯನ್ನನ ಆಸ್ಥಾನದಲ್ಲಿ ನುಡಿಸಿದವನು, ಖೋಟಾ ಸಹಿಗಳ ಆರೋಪದಿಂದ 1817ರಲ್ಲಿ ಲಂಡನ್ನಿಗೆ ಓಡಿದವನು, ಅಲ್ಲಿ ಇನ್ನೊಬ್ಬನ ಹೆಂಡತಿಯಾದ ಗಾಯಕಿಯೊಡನೆ ದೇಶಾಂತರ ಹೋಗಿ 1856ರಲ್ಲಿ ಸಿಡ್ನಿಯಲ್ಲಿ ಸತ್ತವನು. ಇಷ್ಟು ಅಸ್ತವ್ಯಸ್ತವಾಗಿ ಬದುಕಿದವನು ಬರೆದ ಅಭ್ಯಾಸಪಾಠಗಳಷ್ಟು ವ್ಯವಸ್ಥಿತವಾದವು ಆ ವಾದ್ಯಕ್ಕೆ ಬೇರೆ ಕಡಮೆ. ಇಂದಿಗೂ ಮಕ್ಕಳು ಅವುಗಳಿಂದಲೇ ಬೆರಳು ತಿದ್ದಿಕೊಳ್ಳುತ್ತಾರೆ.

ಈ ಶಾಲೆಯ ಸಾಧನೆಯಲ್ಲಿ ಒಂದು ಚಿಕ್ಕ ಕ್ರಿಯೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮೀಟುವುದಕ್ಕೆ ಮುನ್ನವೇ ಹೆಬ್ಬೆರಳಿನಿಂದ ಉಂಗುರದ ಬೆರಳಿನವರೆಗೆ ನಾಲ್ಕನ್ನೂ ಅವವುಗಳ ತಂತಿಯ ಮೇಲೆ ಇಡಬೇಕು. ಇಟ್ಟಮೇಲೆ ಒಂದೊಂದಾಗಿ ಅಂಗೈಯ ಕಡೆಗೆ ಮಡಿಸುತ್ತ ಬಿಡಬೇಕು. ಬಿಟ್ಟ ಬೆರಳು ಸಡಿಲಾಗಬೇಕು. ಕೊನೆಯದು ಬಿಡುವುದರೊಳಗೆ ಮುಂದಿನ ಗುಂಪಿಗೆ ಕೈ ಸಿದ್ಧವಾಗಬೇಕು. ಕರುಳಿನ ತಂತಿಯ ನಾದ ಬೇಗ ಅಡಗುವುದರಿಂದ ಮುಂಚಿತವಾಗಿ ಇಟ್ಟ ಬೆರಳು ಇಲ್ಲಿ ಬರಿಯ ಸಿದ್ಧತೆ. ಐರ್ಲೆಂಡಿನ ಹಿತ್ತಾಳೆಯ ತಂತಿಯ ಮೇಲಾದರೋ ಹೀಗೆ ಇಟ್ಟ ಬೆರಳು ಮೊಳಗುತ್ತಿರುವ ಸ್ವರವನ್ನು ಕೊಂದುಬಿಡುವುದು. ಒಂದು ಕಡೆ ದಿನವೂ ನೂರು ಸಲ ಮಾಡಿಸುವ ಕ್ರಿಯೆ ಇನ್ನೊಂದು ಕಡೆ ಅಳೆದು ತೂಗಿ ಮಾಡತಕ್ಕ ಕ್ರಿಯೆ. ಆದುದರಿಂದಲೇ ಒಂದು ಹಾರ್ಪಿನ ಪಾಠಪುಸ್ತಕ ಇನ್ನೊಂದಕ್ಕೆ ಸಲ್ಲದು.

1884ರಲ್ಲಿ ಅಲ್ಫೋನ್ಸ್ ಹಾಸೆಲ್ಮಾನ್ಸ್ ಕನ್ಸರ್ವೆತ್ವಾರ್‌ನ ಆ ಅಧ್ಯಾಪಕಪೀಠಕ್ಕೆ ಬರುವ ಹೊತ್ತಿಗೆ ಕೇಳುವವರ ಸ್ಥಾನದಲ್ಲಿ ಪರೀಕ್ಷಕರು ಕುಳಿತಿದ್ದರು. ವರ್ಷದ ಕೊನೆಯಲ್ಲಿ ನಡೆಯುವ ಸ್ಪರ್ಧೆ, ಅದರಲ್ಲಿ ಪ್ರಥಮ ಬಹುಮಾನ. ವರ್ಷವಿಡೀ ಸಾಧನೆಯು ಆ ಒಂದು ದಿನದ ಕಡೆಗೆ ಮುಖಮಾಡಿ ನಿಂತಿತು. 1887ರಲ್ಲಿ ಹನ್ನೊಂದೇ ವಯಸ್ಸಿನ ಆರಿಯೆತ್ ರೆನಿಯೇ ಅದನ್ನು ಗೆದ್ದಳು; ಕಾಲು ಎಟುಕದ ಆ ಮಗುವಿಗಾಗಿ ಅವಳ ತಂದೆ ಪೆಡಲುಗಳಿಗೆ ಬೇರೆ ತುಂಡು ಜೋಡಿಸಿ ಎತ್ತರಿಸಿದ್ದನು. ಎಪ್ಪತ್ತರ ವಯಸ್ಸಿನಲ್ಲಿ, 1946ರಲ್ಲಿ, ಆಕೆ ಎರಡು ಸಂಪುಟಗಳಲ್ಲಿ ತನ್ನ ಸಂಪೂರ್ಣ ಪಾಠಕ್ರಮವನ್ನು ಪ್ರಕಟಿಸಿದಳು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಕಾರ್ಲೋಸ್ ಸಾಲ್ಸೆದೋ 1901ರಲ್ಲಿ ಒಂದೇ ದಿನ ಪಿಯಾನೊ ಹಾರ್ಪುಗಳೆರಡರಲ್ಲಿಯೂ ಪ್ರಥಮ ಬಹುಮಾನ ಪಡೆದು, ಅಮೆರಿಕಕ್ಕೆ ಹೋಗಿ, ಮೊಣಕೈಯನ್ನು ಎತ್ತಿ ಹಿಡಿದು ಮೀಟಿದ ಕೈಯನ್ನು ನರ್ತಕನಂತೆ ಮೇಲೆತ್ತುವ ಬೇರೊಂದು ಸಂಪ್ರದಾಯವನ್ನು ಕಟ್ಟಿದನು. ಈ ಇಬ್ಬರ ಶಿಷ್ಯಪರಂಪರೆಗಳು ಮೊಣಕೈಯ ಎತ್ತರವನ್ನು ಕುರಿತು ಮಾಡುವ ವಾದದ ಬಿಸಿಯನ್ನು ಕಂಡರೆ ನಮ್ಮ ಬಾನಿಗಳ ಜಗಳ ತಣ್ಣಗೆ ತೋರುವುದು.

ಮತ್ತೆ ಬೆಲ್‌ಫಾಸ್ಟಿಗೆ ಬರೋಣ. 1792ರ ಸಭೆಯಾದಮೇಲೆ ಅಲ್ಲಿಯ ಜನ 1808ರಲ್ಲಿ ಹಾರ್ಪ್ ಸಂಘವೊಂದನ್ನು ಸ್ಥಾಪಿಸಿದರು; ಬಡ ಕುರುಡು ಮಕ್ಕಳಿಗೆ ಅನ್ನವಸತಿ ಕೊಟ್ಟು ಹಾರ್ಪ್ ಕಲಿಸುವುದು, ಆ ಮೂಲಕ ಅವರಿಗೆ ಜೀವನೋಪಾಯವನ್ನೂ ವಿದ್ಯೆಗೆ ಮರುಹುಟ್ಟನ್ನೂ ಒದಗಿಸುವುದು ಅದರ ಉದ್ದೇಶ. ಗುರು ಆರ್ಥರ್ ಓನೀಲನೇ. ಮನೆಯಿದ್ದಿತು, ವಾದ್ಯಗಳಿದ್ದವು, ಪರಂಪರೆಯನ್ನು ಬಲ್ಲ ಗುರುವಿದ್ದನು, ಬೇರೆ ಗೊಡವೆಯಿಲ್ಲದೆ ದಿನವೆಲ್ಲ ಅಭ್ಯಾಸ ಮಾಡಬಲ್ಲ ಮಕ್ಕಳಿದ್ದರು. ಹೆಂಪ್ಸನ್ನನಿಗೆ ಇಷ್ಟು ಅನುಕೂಲ ಎಂದೂ ದೊರೆತಿರಲಿಲ್ಲ. ಆದರೆ ಚಂದಾ ಬತ್ತಿ 1813ರಲ್ಲಿ ಸಂಘ ನಿಂತುಹೋಯಿತು. ಓನೀಲನು 1816ರಲ್ಲಿ ತೀರಿಕೊಂಡನು.

ಅದನ್ನು ಮತ್ತೆ ಎಬ್ಬಿಸಿದ ಹಣ ಹೋದುದು ನಮ್ಮ ದೇಶದಿಂದ! ಪೇಶ್ವೆಯ ಆಳಿಕೆ ಮುಗಿದು ಧಾರವಾಡದ ಸೀಮೆ ಕಂಪನಿಯ ಕೈಸೇರಿದ ಮರುವರ್ಷ, 1819ರಲ್ಲಿ, ಭಾರತದಲ್ಲಿ ಕಂಪನಿಯ ಸೇವೆಯಲ್ಲಿದ್ದ ಐರಿಷ್ ಜನರು ತಾಯ್ನಾಡಿನ ಹಾರ್ಪು ಅಳಿಯಬಾರದೆಂದು ಸುಮಾರು 1,200 ಪೌಂಡುಗಳನ್ನು ಕೂಡಿಸಿ ಬೆಲ್‌ಫಾಸ್ಟಿಗೆ ಕಳುಹಿಸಿದರು. ಆಗ ಗವರ್ನರ್ ಜನರಲ್ ಆಗಿದ್ದ ಹೇಸ್ಟಿಂಗ್ಸ್ ಪ್ರಭುವೂ ಐರ್ಲೆಂಡಿನಲ್ಲಿ ಹುಟ್ಟಿದವನೇ. ನಮ್ಮ ನೆಲದಲ್ಲಿ ದುಡಿದ, ದುಡಿದರೆನ್ನುವುದಕ್ಕಿಂತ ಗಳಿಸಿದ, ಈ ಹಣದಿಂದ ಇಪ್ಪತ್ತು ವರ್ಷ ಶಾಲೆ ನಡೆಯಿತು. ಮಕ್ಕಳು ಕಲಿತು ಹೊರಬಂದರು. ಹೊರಬಂದು ಹೋಗಬೇಕಾದುದು ಎಲ್ಲಿಗೆ? ಸಂಚಾರಿ ವಾದಕನಿಗೆ ಊಟವಿಕ್ಕಿ, ಕುದುರೆಗೆ ಹುಲ್ಲು ಹಾಕಿ, ವಾರಗಟ್ಟಲೆ ಇರಿಸಿಕೊಂಡು ಕೇಳುತ್ತಿದ್ದ ಹಳೆಯ ಮನೆತನಗಳು ಆ ಹೊತ್ತಿಗೆ ಕ್ಷೀಣಿಸಿದ್ದವು. ಹೊಸ ಶ್ರೀಮಂತರ ಹೆಣ್ಣುಮಕ್ಕಳು ಪಿಯಾನೊ ಕಲಿಯುತ್ತಿದ್ದರು. 1839ರಲ್ಲಿ ಸಂಘವನ್ನು ಮುಚ್ಚುವಾಗ ಅದರ ಪ್ರಮುಖರಲ್ಲೊಬ್ಬನಾದ ಜಾನ್ ಮ್ಯಾಕ್ಆಡಮ್ ಬಂಟಿಂಗನಿಗೆ ಕಾಗದ ಬರೆದನು: ತಮ್ಮ ಹುಡುಗರಿಗೆ ಈಗ ಹೋಟೆಲು ಪಡಸಾಲೆಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುವುದಲ್ಲದೆ ಬೇರೆ ದಾರಿಯಿಲ್ಲ, ಅಲ್ಲಿಯ ಸಹವಾಸದಿಂದ ಕೆಟ್ಟ ಚಟಗಳು ತಗಲುತ್ತವೆ ಎಂದು.

ಮರುವರ್ಷ, 1840ರಲ್ಲಿ, ಬಂಟಿಂಗನು ತಾನು ಬರೆದುಕೊಂಡ ಮಟ್ಟುಗಳನ್ನು ಅಚ್ಚು ಹಾಕಿಸುತ್ತಿದ್ದ ಸಂಪುಟಗಳಲ್ಲಿ ಮೂರನೆಯದು ಹೊರಬಂದಿತು. ಮೊದಲೆರಡರಂತೆಯೇ ಅದರಲ್ಲಿಯೂ ಮಟ್ಟುಗಳೆಲ್ಲ ಪಿಯಾನೊಗೆ ಹೊಂದಿಸಲ್ಪಟ್ಟಿವೆ. ಆದರೆ ಹಿಂದಿನವುಗಳಲ್ಲಿಲ್ಲದ ಒಂದು ಭಾಗ ಇದರಲ್ಲುಂಟು. ಸೋದರಿಯರಿಂದ ತೊಡಗಿ ಶ್ರುತಿ ಮಾಡುವ ಕ್ರಮ, ಎಡಗೈಯ ಚಲನೆಗಳು, ಬಲಗೈಯ ಚಲನೆಗಳು, ಪ್ರತಿಯೊಂದರ ಐರಿಷ್ ಹೆಸರು, ಯಾವ ಬೆರಳು ಮೀಟಬೇಕು, ಮೀಟಿದುದನ್ನು ಯಾವ ಬೆರಳು ತಡೆಯಬೇಕು, ಇವೆಲ್ಲವೂ ಮುದಿ ವಾದಕರ ಬಾಯಿಂದ ನಲವತ್ತೆಂಟು ವರ್ಷ ಹಿಂದೆ ಕೇಳಿ ಬರೆದುಕೊಂಡುದರಿಂದ ತೆಗೆದು, ಪಟ್ಟಿ ಕಟ್ಟಿ ಅಚ್ಚು ಮಾಡಲ್ಪಟ್ಟಿವೆ. ಹಿತ್ತಾಳೆಯ ತಂತಿಯ ಹಾರ್ಪನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕೈಗೆತ್ತಿಕೊಂಡವರು ಆ ಪಟ್ಟಿಗಳನ್ನು ಬಿಡಿಸಿ ಓದುವುದರಿಂದಲೇ ತಮ್ಮ ಸಾಧನೆಯನ್ನು ತೊಡಗಬೇಕಾಯಿತು.